ಬಣ್ಣ ಹೋಯಿತು, ಮಾಲು ಹೋಗಲಿಲ್ಲ

"ಬಣ್ಣ ಹೋಗಿದೆ ದೊಡ್ಡಪ್ಪ, ಮಾಲು ನೀರಲ್ಲೇ ಇದೆ." ಶನಿವಾರದಿಂದ ಈ ಮಾತು ತಲೆಯಲ್ಲಿ ಸುತ್ತುತ್ತಿದೆ.

ಹೇಳಿದ್ದು ನನ್ನ ತಂಗಿಯ ಮಗಳು. ಮುಂಬಯಿಯ ಮಾಟುಂಗಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕೇಳಿಸಿಕೊಂಡವರು ನಮ್ಮ ಯಜಮಾನರು, ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು.

ಶನಿವಾರ ಅವಳ ಲ್ಯಾಬ್ ನೋಡಲು ಹೋಗಿದ್ದೆವು. ಬೀಕರಿನಲ್ಲಿ ನೈಟ್ರೋಫಿನಾಲ್ ಇತ್ತು. ಬಣ್ಣ, ಔಷಧಿ, ಕೀಟನಾಶಕ ತಯಾರಿಸುವ ಕಡೆ ನೀರಿಗೆ ಸೇರುವ ವಿಷ. ಎಲೆಕ್ಟ್ರಾನು ಕೊಡುವ ರಾಸಾಯನಿಕ ಸೋಡಿಯಂ ಬೋರೋಹೈಡ್ರೈಡ್ ಬೆರೆಸಿದಾಗ ಕಡು ಹಳದಿಯಾಗಿ ಹಾಗೇ ನಿಂತಿತು. ಆಮೇಲೆ ಚಿಟಿಕೆ ಕಪ್ಪು ಪುಡಿ ಹಾಕಿದಳು. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡು, ಅದರ ಮೈಮೇಲೆ ಬೆಳ್ಳಿಯ ನ್ಯಾನೋ ಕಣಗಳು. ಬೋರೋಹೈಡ್ರೈಡಿನ ಎಲೆಕ್ಟ್ರಾನುಗಳನ್ನು ನೈಟ್ರೋಫಿನಾಲಿಗೆ ದಾಟಿಸುವುದು ಈ ಬೆಳ್ಳಿಯೇ. ನೋಡನೋಡುತ್ತಲೇ ಹಳದಿ ತೆಳುವಾಗಿ ನೀರು ತಿಳಿಯಾಯಿತು. ಪಕ್ಕಕ್ಕೆ ಅಯಸ್ಕಾಂತ ಹಿಡಿದಳು, ಪುಡಿಯೆಲ್ಲ ಸರಿದು ಗಾಜಿಗೆ ಕಚ್ಚಿಕೊಂಡಿತು. ನೀರು ಬಗ್ಗಿಸಿ, ಪುಡಿ ತೊಳೆದು, ಹೊಸ ಹಳದಿ ನೀರಿಗೆ ಅದನ್ನೇ ಹಾಕಿದಳು. ಅದೂ ತಿಳಿಯಾಯಿತು.

"ಇನ್ನು ನಾಲಾಕ್ಕೆ ಬಿಡಬಹುದು ಅಲ್ವಾ?" ಅಂದರು ಇವರು. ಆಗ ಬಂದ ಉತ್ತರ ಅದು.

ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಗ್ರಾಫನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. 400 ನ್ಯಾನೋಮೀಟರ್ ಹತ್ತಿರದ, ಆ ಹಳದಿಯ ಗುಡ್ಡ ಕುಸಿದಂತೆಲ್ಲ 300ರ ಹತ್ತಿರ ಪುಟ್ಟ ಗುಡ್ಡವೊಂದು ಎದ್ದಿತ್ತು. ಅದು ಅಮಿನೋಫಿನಾಲ್, ನೈಟ್ರೋಫಿನಾಲೇ ರೂಪ ಬದಲಿಸಿ ಆದದ್ದು. ಅದರಿಂದ ಪ್ಯಾರಾಸಿಟಮಾಲ್ ಮಾಡುತ್ತಾರೆ, ಬೇರ್ಪಡಿಸಿ ತೆಗೆದರೆ ಬೆಲೆಯಿದೆ. ನೀರಲ್ಲೇ ಬಿಟ್ಟರೆ ಅದೂ ವಿಷವೇ. ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಅಂತೂ ಹೀಗೆ ತಿಳಿಯಾದರೂ ಗಾಳಿ ತಗುಲಿದಾಗ ಮತ್ತೆ ನೀಲಿಯಾಗುತ್ತದೆ.

ಈ ಹುಡುಗಿ ನನಗೆ ಇಷ್ಟವಾಗುವುದು ಇದಕ್ಕೇ. ತನ್ನ ಕೆಲಸದ ಕೊರತೆಯನ್ನು ತಾನೇ ಮೊದಲು ಹೇಳುತ್ತಾಳೆ. ಬಳಸಿದಂತೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ವೇಗ ಇಳಿಯುತ್ತದೆ. ಬೆಳ್ಳಿ ಸ್ವಲ್ಪ ಸ್ವಲ್ಪ ಕರಗಿ ನೀರಿಗೆ ಹೋಗಬಹುದು, ಅದನ್ನೂ ಅಳೆಯಬೇಕು. ಪುಡಿ ವಾಪಸ್ ಸಿಗುತ್ತದೆ, ಬೋರೋಹೈಡ್ರೈಡ್ ಸಿಗುವುದಿಲ್ಲ. ಪ್ರತಿ ಸಲ ಹೊಸದಾಗಿ, ಅದೂ ಜಾಸ್ತಿಯೇ ಸುರಿಯಬೇಕು. ಮರುಬಳಕೆ ಅನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ?

ಯಜಮಾನರು ಕೆಟ್ಟವರಲ್ಲ. ನೀರು ತಿಳಿಯಾದರೆ ಕೆಲಸ ಮುಗಿಯಿತು ಅನ್ನುವ ವಾತಾವರಣದಲ್ಲೇ ಅವರ ಅಷ್ಟೂ ವರ್ಷ ಕಳೆದಿದೆ. ನಾವು ಊರಿನವರಾದರೂ ಬೇರೆಯಾ? 2017ರಲ್ಲಿ ಕಾರ್ಖಾನೆಯ ಬಣ್ಣ ತಗುಲಿ ನವಿ ಮುಂಬಯಿಯ ತಳೋಜಾದ ಬೀದಿನಾಯಿಗಳು ನೀಲಿಯಾದಾಗ ಇಡೀ ಮುಂಬಯಿ ಹೌಹಾರಿತು. ಆ ಕಾರ್ಖಾನೆಯ ಕೊಳೆಗೆ ಬಣ್ಣವೇ ಇಲ್ಲದಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಕಣ್ಣಿಗೆ ಕಾಣದ್ದು ಎಷ್ಟು ಹರಿದುಹೋಗಿದೆಯೋ ಅಂತ ನೆನೆದರೆ ಹೊಟ್ಟೆ ತೊಳೆಸುತ್ತದೆ.

ಹೊರಡುವಾಗ ಇವರು ಕೇಳಿದರು, "ಹಾಗಾದ್ರೆ ಏನು ನೋಡ್ಬೇಕು ಮಗಾ?"

"ಟಿಒಸಿ, ದೊಡ್ಡಪ್ಪ. ನೀರಿನಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿದಿದೆ ಅಂತ. ನಿಜವಾಗಿ ಒಡೆದುಹೋಗಿದ್ರೆ ಅದು ಇಳಿಯುತ್ತೆ."

ಇವರು ಜೇಬಿನಿಂದ ಪೆನ್ನು ತೆಗೆದು ಲೋಕಲ್ ಟಿಕೆಟಿನ ಹಿಂದೆ ಬರೆದುಕೊಂಡರು. ಭಾನುವಾರ ಸೊಸೈಟಿ ಮೀಟಿಂಗಿನಲ್ಲಿ, ಕಾರ್ಖಾನೆಗಳ ನಾಲಾದ ವಿಷಯ ಬಂದಾಗ, ಎದ್ದು ನಿಂತು ಕೇಳಿದ್ದೂ ಅದನ್ನೇ.