ಚಿರತೆಯ ಸಂಶೋಧನೆಯೋ, ವನರಕ್ಷಕಿಯ ಖಾಕಿಯೋ?

ಮಹಾರಾಷ್ಟ್ರದ ಗಡಿಯ ಜತ್ತ ಮತ್ತು ಅಕ್ಕಲಕೋಟ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಕಲಿತು, ಮುಂದೆ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಪ್ರಾಣಿಶಾಸ್ತ್ರ ಓದಿದ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: ‘ಅಕ್ಕಾ, ವನ್ಯಜೀವಿ ಸಂಶೋಧನೆಗೆ ಹೋಗಲೋ, ವನರಕ್ಷಕ ಭರ್ತಿಯ ಅರ್ಜಿ ತುಂಬಲೋ?’ ನಾನು ಎರಡೂ ಕಡೆ ದುಡಿದವಳು. ಎಂ.ಎಸ್ಸಿ. ಮುಗಿಸಿ ಕೆಲಕಾಲ ಗುತ್ತಿಗೆಯ ಮೇಲೆ ಒಂದು ಯೋಜನೆಯಿಂದ ಇನ್ನೊಂದಕ್ಕೆ ಸಾಗುತ್ತಿದ್ದೆ. ಈಗ ಮುಂಬೈಯ ಬೊರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ವನರಕ್ಷಕಿಯಾಗಿ ಒಂದು ಬೀಟಿನ, ಅಂದರೆ ಗಸ್ತಿಗೆ ಒಪ್ಪಿಸಿದ ಕಾಡಿನ ಒಂದು ಭಾಗದ, ಹೊಣೆ ಹೊತ್ತಿದ್ದೇನೆ. ಈ ಪ್ರಶ್ನೆಯನ್ನು ಎಲ್ಲರೂ ಸಂಬಳ ಒಂದು ಕಡೆ, ಆಸೆ ಇನ್ನೊಂದು ಕಡೆ ಎಂದು ತೂಗುತ್ತಾರೆ. ಆದರೆ ಎರಡು ಕೆಲಸಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಲ್ಲಲ್ಲ. ಸಂಶೋಧಕಿಯ ದಿನ ಪ್ರಾಣಿಯ ಜಾಡಿನಲ್ಲಿ ಕಳೆಯುತ್ತದೆ, ವನರಕ್ಷಕಿಯ ದಿನ ಮನುಷ್ಯರ ಎದುರಿನಲ್ಲಿ ಕಳೆಯುತ್ತದೆ.

ಸಂಬಳದ ಮಾತನ್ನು ಬೇಗ ಮುಗಿಸುತ್ತೇನೆ. ಮಹಾರಾಷ್ಟ್ರದಲ್ಲಿ ವನರಕ್ಷಕರ ವೇತನ ಶ್ರೇಣಿ 21,700 ರೂಪಾಯಿಯಿಂದ 69,100 ರೂಪಾಯಿಯವರೆಗೆ ಇದ್ದು, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಸೇರುತ್ತವೆ. ನೆಟ್ ಪರೀಕ್ಷೆ ಪಾಸಾಗಿ ಕಿರಿಯ ಸಂಶೋಧನಾ ವೇತನ ಪಡೆಯುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತಿರುವುದರಿಂದ, ಕಾಗದದ ಮೇಲೆ ಸಂಶೋಧನೆಯೇ ಹೆಚ್ಚು ಗಳಿಸಿಕೊಡುವಂತೆ ಕಾಣುತ್ತದೆ. ಆದರೆ ಆ ವೇತನ ಎಲ್ಲರಿಗೂ ದೊರೆಯುವುದಿಲ್ಲ, ನಿಗದಿತ ಅವಧಿ ಮುಗಿದ ತಿಂಗಳು ಅದೂ ಮುಗಿಯುತ್ತದೆ. ಮನೆಗೆ ಹಣ ಕಳಿಸಬೇಕಾದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.

ಕೆಲಸದ ಸ್ವರೂಪಕ್ಕೆ ಬರೋಣ. ಸಂಶೋಧಕಿಯಾಗಿದ್ದಾಗ ಕಾಡಿನೊಳಗೆ ಕಾಲಿಡಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಬೇಕಿತ್ತು, ಅದಕ್ಕಾಗಿ ಕಾಯುವುದೇ ಅರ್ಧ ಕೆಲಸವಾಗಿತ್ತು. ಒಳಗೆ ಹೋದ ಮೇಲೆ ಮಾತ್ರ ಕೆಲಸ ನೆಮ್ಮದಿಯದು: ಪ್ರಾಣಿ ಎದುರು ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು, ಚಿತ್ರಗಳನ್ನು ಜೋಡಿಸುವುದು, ಮೈಮೇಲಿನ ಚುಕ್ಕೆಗಳ ವಿನ್ಯಾಸ ನೋಡಿ ಇದು ಯಾವ ಚಿರತೆ ಎಂದು ಗುರುತಿಸುವುದು. ಸುಮಾರು 104 ಚದರ ಕಿಲೋಮೀಟರಿನ ಈ ಉದ್ಯಾನದಲ್ಲಿಯೂ ಅದರ ಅಂಚಿನಲ್ಲಿಯೂ 35 ಚಿರತೆಗಳಿವೆ ಎಂದು 2015ರ ಅಧ್ಯಯನ ತೋರಿಸಿಕೊಟ್ಟಿದ್ದು ಇದೇ ವಿಧಾನದಿಂದ. ಈಗ ಅದೇ ಹಾದಿಯಲ್ಲಿ ಯಾರ ಅನುಮತಿಯೂ ಇಲ್ಲದೆ ಗಸ್ತು ತಿರುಗುತ್ತೇನಾದರೂ, ಕಣ್ಣು ಹುಡುಕುವುದು ಹೆಜ್ಜೆ ಗುರುತನ್ನಲ್ಲ. ಪೊದೆಯ ಬುಡದಲ್ಲಿ ಕಟ್ಟಿರಬಹುದಾದ ತಂತಿಯ ಉರುಳನ್ನು. ಕಾಡುಹಂದಿಗೋ ಮೊಲಕ್ಕೋ ಇಟ್ಟ ಉರುಳಿಗೆ ಚಿರತೆ ಸಿಕ್ಕಿಬಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಅತಿ ಹೆಚ್ಚಿನ ರಕ್ಷಣೆಯಿರುವ ಮೊದಲ ಅನುಸೂಚಿಯ ಪ್ರಾಣಿಯ ಮೇಲಿನ ಅಪರಾಧ. ಅದಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸಜೆ ಇದೆ. 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ.

ಇಷ್ಟು ಗಂಭೀರ ಶಿಕ್ಷೆಯ ಪ್ರಕರಣವೊಂದು ನ್ಯಾಯಾಲಯದಲ್ಲಿ ನಿಲ್ಲುವುದೋ ಬೀಳುವುದೋ ಎಂಬುದು ಬಹುಮಟ್ಟಿಗೆ ವನರಕ್ಷಕರು ಮೊದಲ ಗಂಟೆಯಲ್ಲಿ ಮಾಡುವ ಬರವಣಿಗೆಯ ಮೇಲೆ ನಿಂತಿರುತ್ತದೆ. ಸ್ಥಳದ ಪಂಚನಾಮೆ, ಪಂಚರ ಸಹಿ, ವಶಪಡಿಸಿಕೊಂಡ ವಸ್ತುವಿನ ಮೊಹರು, ಪ್ರಾಥಮಿಕ ಅಪರಾಧ ವರದಿ, ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ಇವುಗಳಲ್ಲಿ ಒಂದು ತಪ್ಪಿದರೂ ವರ್ಷಗಳ ನಂತರ ಎದುರು ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ. ಇದೆಲ್ಲವೂ ಮರಾಠಿಯಲ್ಲಿ ನಡೆಯಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತವರು ಮರಾಠಿ ಮಾತನಾಡುವುದರಲ್ಲಿ ಹಿಂದೆ ಬೀಳುವುದಿಲ್ಲ, ಆದರೆ ಕಚೇರಿಯ ಮರಾಠಿಯನ್ನು ಬರೆಯುವುದು ಬೇರೆಯೇ ಅಭ್ಯಾಸ. ಭರ್ತಿಗೆ ಮೊದಲೇ ಅದನ್ನು ಮಾಡಿಕೊಂಡವರಿಗೆ ಕೆಲಸ ಹಗುರವಾಗುತ್ತದೆ.

ಬೇಟೆಗಾರನ ಮೇಲೆ ಪ್ರಕರಣ ಬರೆಯುವಾಗ ಮನಸ್ಸು ಅಳುಕುವುದಿಲ್ಲ. ಅಳುಕುವುದು ತಲೆಯ ಮೇಲೆ ಒಣ ಕಟ್ಟಿಗೆಯ ಹೊರೆ ಹೊತ್ತು ಎದುರಾಗುವ ಹೆಂಗಸಿನ ಮುಂದೆ. ರಾಷ್ಟ್ರೀಯ ಉದ್ಯಾನದಿಂದ ಪರವಾನಗಿಯಿಲ್ಲದೆ ಯಾವ ಉತ್ಪನ್ನವನ್ನೂ ಒಯ್ಯುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ, ಆ ಸಾಲಿನಲ್ಲಿ ಅಸ್ಪಷ್ಟತೆಯೇನೂ ಇಲ್ಲ. ಆದರೆ ಆಕೆ ವಾರ್ಲಿ ಬುಡಕಟ್ಟಿನ ಪಾಡಾದವಳಾಗಿರಬಹುದು (ಪಾಡಾ ಎಂದರೆ ಪುಟ್ಟ ಹಾಡಿ), ಆಕೆಯ ಮನೆತನ ಉದ್ಯಾನದ ಗಡಿ ಎಳೆಯುವುದಕ್ಕಿಂತ ಹಿಂದಿನಿಂದಲೂ ಅಲ್ಲಿಯೇ ಇದ್ದಿರಬಹುದು. ಬಿಟ್ಟು ಕಳಿಸಿದರೆ ನಾಳೆ ಅದೇ ದಾರಿಯಲ್ಲಿ ಹಸಿ ಮರ ಕಡಿಯುವವರೂ ಬರುತ್ತಾರೆ. ಹೊರೆ ಕಿತ್ತುಕೊಂಡರೆ, ಉರುಳಿಟ್ಟವರ ಸುಳಿವು ಕೊಡಬಹುದಾಗಿದ್ದ ಒಬ್ಬ ನೆರೆಯವಳನ್ನು ಕಳೆದುಕೊಳ್ಳುತ್ತೇವೆ. ಎಚ್ಚರಿಕೆ ಕೊಟ್ಟು ಕಳಿಸುವುದು ಯಾವಾಗ, ಬರೆದುಕೊಳ್ಳುವುದು ಯಾವಾಗ ಎಂಬುದನ್ನು ಪ್ರತಿ ಸಲವೂ ನಿಂತ ನಿಲುವಿನಲ್ಲಿ ತೀರ್ಮಾನಿಸಬೇಕು, ಅದರ ಕಾರಣವನ್ನು ಮೇಲಿನವರಿಗೆ ವಿವರಿಸಲು ಸಿದ್ಧರಿರಬೇಕು. ಖಾಕಿಯ ಅಧಿಕಾರವನ್ನು ಬಡವರ ಮೇಲೆ ಬಳಸಬೇಕಾಗಿ ಬರುವ ಈ ಗಳಿಗೆಗಳ ಬಗ್ಗೆ ಭರ್ತಿಯ ಮಾರ್ಗದರ್ಶಿ ಪುಸ್ತಕಗಳು ಏನನ್ನೂ ಹೇಳುವುದಿಲ್ಲ. ಕಾಡಿನ ಮೇಲಿನ ಪ್ರೀತಿಯೊಂದನ್ನೇ ನಂಬಿಕೊಂಡು ಬಂದವರು ಬೇಸತ್ತು ಒರಟಾಗುವುದು ಅಥವಾ ಕಣ್ಮುಚ್ಚಿ ಕೂರುವುದು ಹೆಚ್ಚಾಗಿ ಇಲ್ಲಿಯೇ.

ಚಿರತೆಯ ವಿಷಯದಲ್ಲೂ ಹಾಗೆಯೇ. ಉದ್ಯಾನಕ್ಕೆ ಅಂಟಿಕೊಂಡಿರುವ ಆರೆ ಕಾಲೊನಿಯ ಸುತ್ತಮುತ್ತ ಚಿರತೆ ಕಾಣಿಸಿದ ಮರುದಿನ ಜನ ಸೇರಿ ‘ಬೋನು ಇಡಿ, ಹಿಡಿದು ಒಯ್ಯಿರಿ’ ಎನ್ನುತ್ತಾರೆ. ಪುಣೆ ಜಿಲ್ಲೆಯ ಜುನ್ನರಿನಲ್ಲಿ ಈ ಶತಮಾನದ ಆರಂಭದಲ್ಲಿ ಚಿರತೆಗಳನ್ನು ಹಿಡಿದು ದೂರ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ತಗ್ಗುವ ಬದಲು ಹೆಚ್ಚಿತೆಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ, ಕೇಂದ್ರ ಸರ್ಕಾರದ 2011ರ ಮಾರ್ಗಸೂಚಿಯೂ ಸ್ಥಳಾಂತರವನ್ನು ಪ್ರೋತ್ಸಾಹಿಸುವುದಿಲ್ಲ. ಈ ತೀರ್ಮಾನವನ್ನು ಪ್ರಬಂಧದಲ್ಲಿ ಬರೆದಾಗ ಅದು ನಾಲ್ಕು ಸಾಲು. ಮಗುವನ್ನು ಮಡಿಲಲ್ಲಿ ಅವುಚಿಕೊಂಡು ಕೂತ ತಾಯಿಯ ಮುಂದೆ ಅದನ್ನೇ ಹೇಳುವಾಗ, ಕಸ ಬಿದ್ದಲ್ಲಿಗೆ ಬೀದಿನಾಯಿ, ನಾಯಿ ಇದ್ದಲ್ಲಿಗೆ ಚಿರತೆ ಎಂಬಲ್ಲಿಂದ ಆರಂಭಿಸಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ ಎಂಬಲ್ಲಿಗೆ ಬರುವಷ್ಟರಲ್ಲಿ ಒಂದು ಇಡೀ ಸಂಜೆ ಹೋಗುತ್ತದೆ. ನಮಗಿಂತ ಪಾಡಾದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಹುಲಿ–ಚಿರತೆಯ ದೇವರಾದ ವಾಘೋಬನನ್ನು ಪೂಜಿಸುವವರು ಚಿರತೆಯನ್ನು ಓಡಿಸಿ ಎಂದು ಕೇಳುವುದು ಕಡಿಮೆ. ಹೊಸ ಕಟ್ಟಡಗಳ ಹದಿನೈದನೇ ಮಹಡಿಯವರೇ ಹೆಚ್ಚು ದೂರು ಕೊಡುತ್ತಾರೆ ಎಂಬುದು ನನ್ನ ಅನಿಸಿಕೆ.

ಕಳೆದುಕೊಂಡದ್ದನ್ನೂ ಹೇಳಬೇಕು. ಇಲ್ಲಿಯ ಕಾರ್ವಿ ಗಿಡ ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. 2016ರ ನಂತರ 2024ರಲ್ಲಿ ಬೆಟ್ಟದ ಇಳಿಜಾರು ನೇರಳೆಯಾಯಿತು. ಸಂಶೋಧಕಿಯಾಗಿದ್ದರೆ ಹೂವಿಗೆ ಬರುವ ಜೇನು, ಚಿಟ್ಟೆಗಳನ್ನು ಎಣಿಸುತ್ತಾ ಕೂರುತ್ತಿದ್ದೆ. ವನರಕ್ಷಕಿಯಾಗಿ ನಾನು ಮಾಡಿದ್ದು, ಫೋಟೋಕ್ಕಾಗಿ ಗಿಡದೊಳಗೆ ನುಗ್ಗುವವರನ್ನು ಹಾದಿಗೆ ವಾಪಸು ಕರೆಯುವುದು. ಈ ನಷ್ಟ ಸಣ್ಣದಲ್ಲ, ಒಂದು ವಿಷಯದ ಹಿಂದೆ ತಿಂಗಳುಗಟ್ಟಲೆ ಬೀಳುವ ಸುಖ ಯಾರಿಗೆ ಉಸಿರಿನಷ್ಟೇ ಅಗತ್ಯವೋ ಅವರು ಬೀಟಿನಲ್ಲಿ ಬಾಡಿಹೋಗುತ್ತಾರೆ. ಅಂಥವರಿಗೆ ನಾನು ಸಂಶೋಧನೆಗೇ ಹೋಗಿ ಎನ್ನುತ್ತೇನೆ, ಕಷ್ಟವಾದರೂ ಸರಿ.

ಇನ್ನೂ ಅನುಮಾನದಲ್ಲಿರುವವರು ಗಮನಿಸಬೇಕಾದ ಸಂಗತಿ ವಯಸ್ಸು. ವನರಕ್ಷಕ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 27, ಮೀಸಲು ವರ್ಗದವರಿಗೆ 32 ವರ್ಷದ ಮಿತಿಯಿದೆ, ಜಾಹೀರಾತು ಪ್ರತಿವರ್ಷ ಬರುವುದಿಲ್ಲ. 2023ರಲ್ಲಿ 2,138 ಹುದ್ದೆಗಳಿಗೆ ಕರೆದಿದ್ದರು. ಪಿಎಚ್‌.ಡಿ.ಗೆ ಅಂಥ ಬಾಗಿಲು ಮುಚ್ಚುವ ತಾರೀಕಿಲ್ಲ. ಅರ್ಜಿ ತುಂಬುವವರು ಓಟವನ್ನು ಕೊನೆಯ ತಿಂಗಳಿಗೆ ಬಿಡಬಾರದು: 200 ಅಂಕಗಳಲ್ಲಿ 80 ಓಟದ್ದೇ, ಪುರುಷರಿಗೆ 5 ಕಿಲೋಮೀಟರ್, ಮಹಿಳೆಯರಿಗೆ 3. ಅದರ ಮೇಲೆ ನಾಲ್ಕು ಗಂಟೆಯೊಳಗೆ ಪುರುಷರು 25, ಮಹಿಳೆಯರು 16 ಕಿಲೋಮೀಟರ್ ನಡೆದು ತೋರಿಸಬೇಕು. ಸೇರಿದ ಮೇಲೆಯೂ ಪದವೀಧರರು ಮಹಾರಾಷ್ಟ್ರ ಲೋಕಸೇವಾ ಆಯೋಗ (ಎಂಪಿಎಸ್‌ಸಿ) ನಡೆಸುವ ಮಹಾರಾಷ್ಟ್ರ ಅರಣ್ಯ ಸೇವಾ ಪರೀಕ್ಷೆಗೆ ಕೂತು ವಲಯ ಅರಣ್ಯಾಧಿಕಾರಿಯಾಗಬಹುದು, ನಮ್ಮಲ್ಲಿ ಕೆಲವರು ರಾತ್ರಿ ಪಾಳಿಯ ಬಿಡುವಿನಲ್ಲಿ ಅದಕ್ಕಾಗಿಯೇ ಓದುತ್ತಿದ್ದಾರೆ.