ಹೊಗೆ ಇಲ್ಲ, ಬೂದಿ ಇಲ್ಲ, ಬರೀ ಬೆಚ್ಚಗೆ

ಇಂಗ್ಲೆಂಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 1950, 60ರ ದಶಕದ ವಾರಪತ್ರಿಕೆಗಳು ಈಗಲೂ ಸಿಗುತ್ತವೆ. ಕಂಡರೆ ನಾನು ಬಿಡುವುದಿಲ್ಲ. ಲೇಖನ ಓದಲಿಕ್ಕಲ್ಲ, ಜಾಹೀರಾತು ನೋಡಲಿಕ್ಕೆ. ಅದರಲ್ಲೂ ಮನೆ ಬೆಚ್ಚಗಿಡುವ ಇಂಧನದ ಜಾಹೀರಾತು ಅಂದರೆ ಒಂಥರಾ ಹುಚ್ಚು.

ಚಿತ್ರ ಹೆಚ್ಚುಕಡಿಮೆ ಒಂದೇ. ಉರಿಯುವ ಬೆಂಕಿ, ಕುರ್ಚಿಯಲ್ಲಿ ಅಪ್ಪ, ಕಂಬಳಿ ಮೇಲೆ ಮಕ್ಕಳು, ಟ್ರೇ ಹಿಡಿದ ಅಮ್ಮ. ಬೆಳಗಿನ ಜಾವ ಎದ್ದು ತಣ್ಣಗಾದ ಬೂದಿ ಬಾಚಿ, ಹಿತ್ತಲಿನಿಂದ ಬಕೆಟ್‌ನಲ್ಲಿ ಕಲ್ಲಿದ್ದಲು ಹೊತ್ತು ತರುವವರು ಯಾರು ಅಂತ ಎಲ್ಲೂ ಇಲ್ಲ. ಟ್ರೇ ಹಿಡಿದವಳೇ ಇರಬೇಕು ಬಿಡಿ.

ಹೊಗೆಯೂ ಚಿತ್ರದಲ್ಲಿ ಇರುತ್ತಿರಲಿಲ್ಲ. 1952ರ ಡಿಸೆಂಬರಿನಲ್ಲಿ ಅದೇ ಹೊಗೆ ಮಂಜಿನ ಜೊತೆ ಸೇರಿ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದಿತು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, ಊರೂರಲ್ಲಿ ಹೊಗೆ ನಿಷೇಧದ ವಲಯಗಳಾದವು. ಕೋಲೈಟ್‌ನಂಥ ಹೊಗೆರಹಿತ ಇಂಧನಕ್ಕೆ ಸುಗ್ಗಿ. ಡರ್ಬಿಶೈರಿನ ಬೋಲ್ಸೋವರ್‌ನಲ್ಲಿ ಅದರ ದೊಡ್ಡ ಕಾರ್ಖಾನೆಯಿತ್ತು. ಗಾಳಿ ತಾಗದಂತೆ ಕಲ್ಲಿದ್ದಲನ್ನು ಕಾಯಿಸಿ, ಟಾರು, ಗ್ಯಾಸು ಎಲ್ಲ ಮೊದಲೇ ಹೊರಗೆ ತೆಗೆದು, ಉಳಿದದ್ದನ್ನು ಮನೆಗೆ ಮಾರುತ್ತಿದ್ದರು. ಮನೆಯ ಹೊಗೆ ಹೋಯಿತು, ಕಾರ್ಖಾನೆ ಪಕ್ಕದವರ ಪಾಡು ಜಾಹೀರಾತಿಗೆ ಬೇಕಿರಲಿಲ್ಲ.

ನನಗೆ ಜಾಸ್ತಿ ಹಿಡಿಸುವುದು ಸೀಮೆಎಣ್ಣೆಯದ್ದು. ಎಸ್ಸೋ ಕಂಪನಿಯವರದು ನೀಲಿ, ಅಲಾದ್ದೀನ್ ಬ್ರ್ಯಾಂಡಿನದು ಗುಲಾಬಿ. ಬಣ್ಣ ಹಾಕಿದ್ದು ಗುರುತಿಗೆ ಅಷ್ಟೇ, ಆದರೆ ಜನ ನೀಲಿಯ ಕಡೆ, ಗುಲಾಬಿಯ ಕಡೆ ಅಂತ ಪಕ್ಷ ಕಟ್ಟುತ್ತಿದ್ದರಂತೆ! ಟಿವಿಯಲ್ಲಿ ಎಸ್ಸೋ ಬ್ಲೂ ಡೀಲರ್ ಅನ್ನಲು ಹೋಗಿ ‘ಎಸ್ಸೋ ಬ್ಲೀ ಡೂಲರ್’ ಅಂತ ತೊದಲುವ ಕಾರ್ಟೂನ್ ಮನುಷ್ಯನೊಬ್ಬನಿದ್ದ. ವಯಸ್ಸಾದವರ ಮುಂದೆ ಆ ಮಾತು ತೆಗೆದರೆ ಈಗಲೂ ನಗುತ್ತಾರೆ.

ಈ ಎಣ್ಣೆಯಿಂದ ಉರಿಯುವ ಹೀಟರ್‌ಗಳನ್ನು ನಿಜವಾಗಿ ನೆಚ್ಚಿಕೊಂಡವರಲ್ಲಿ ಕೆರಿಬಿಯನ್ನಿನಿಂದ, ನಮ್ಮ ಕಡೆಯಿಂದ ಬಂದು ಒಂದೊಂದು ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದವರು ಬಹಳ. ಅವರು ಮಾತ್ರ ಜಾಹೀರಾತಿನ ಚಿತ್ರಗಳಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಕೋಣೆಯೊಳಗೇ ಉಳಿಯುತ್ತದೆ. ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಗೋಡೆಯೆಲ್ಲ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು, ಹಾಕುವ ಕೋಟುಗಳಿಗೆಲ್ಲ ಎಣ್ಣೆ ವಾಸನೆ.

ನಮ್ಮಲ್ಲೂ ನೀಲಿ ಸೀಮೆಎಣ್ಣೆ ಇತ್ತಲ್ವಾ, ಸೊಸೈಟಿ ಮುಂದೆ ಕ್ಯಾನ್ ಸಾಲಾಗಿಟ್ಟು ಕಾಯುತ್ತಿದ್ದೆವಲ್ಲ, ಅದು. ಕಾಳಸಂತೆಗೆ ಹೋದರೆ, ಡೀಸೆಲ್‌ಗೆ ಬೆರೆಸಿದರೆ ಗೊತ್ತಾಗಲಿ ಅಂತ ಸರ್ಕಾರ ಹಾಕಿಸಿದ ಬಣ್ಣ. ಅದಕ್ಕೆ ಜಾಹೀರಾತು ಯಾಕೆ ಬೇಕು, ಬಂದಿದೆ ಅಂತ ಒಬ್ಬರು ಕೂಗಿದರೆ ಬೀದಿಯೆಲ್ಲ ಓಡುತ್ತಿತ್ತು.