ಸಾಕ್ಷಿ ಹೇಳಲು ಹೋದ ಖರ್ಚು ಯಾರು ಕೊಡಬೇಕು?

ಕಾಸರಗೋಡಿನ ಸರ್ಕಾರಿ ಕಚೇರಿಗಳಲ್ಲಿರುವ ಸ್ನೇಹಿತರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ಹೋಗಿಬರುವ ಖರ್ಚು ಕೋರ್ಟ್ ಕೊಡುತ್ತದಾ, ಆಫೀಸು ಕೊಡುತ್ತದಾ?" ಕೆಲವರು ಇಷ್ಟೂ ಕೇಳುವುದಿಲ್ಲ. ಒಂದು ಕ್ಯಾಶುವಲ್ ಲೀವ್ ಬರೆದು, ಸ್ವಂತ ದುಡ್ಡಿನಲ್ಲಿ ಸುಮ್ನೆ ಹೋಗಿ ಬರುತ್ತಾರೆ. ಅದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಕೆಲಸದಲ್ಲಿದ್ದಾಗ ತಿಳಿದ ವಿಷಯದ ಬಗ್ಗೆ ಸಾಕ್ಷಿ ಹೇಳುವುದಾದರೆ ಖರ್ಚು ಆಫೀಸಿನದ್ದು. ಘಟನೆ ನಡೆದ ಜಾಗದ ಪ್ಲಾನ್ ಬರೆದುಕೊಟ್ಟ ವಿಲೇಜ್ ಆಫೀಸರ್, ಗಾಯದ ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್, ತಲಪಾಡಿ ದಾಟಿ ಬಂದ ಮದ್ಯ ಹಿಡಿದ ಅಬಕಾರಿ ಸಿಬ್ಬಂದಿ, ಎಲ್ಲರೂ ಇದರಲ್ಲಿ ಬರುತ್ತಾರೆ. ಅವರು ಕೋರ್ಟಿಗೆ ಹೋಗುವುದೂ ಡ್ಯೂಟಿಯೇ. ರಜೆ ಹಾಕಬೇಕಾಗಿಲ್ಲ. ಟೂರ್ ಹೋದಾಗ ಬರೆಯುವ ಹಾಗೆಯೇ ಟಿಎ (ಪ್ರಯಾಣ ಭತ್ಯೆ) ಬಿಲ್ ಬರೆಯಬೇಕು. ಕೇರಳದ ನೌಕರರಿಗೆ ಪ್ರಯಾಣ ಭತ್ಯೆಯ ನಿಯಮಗಳು ಕೇರಳ ಸರ್ವಿಸ್ ರೂಲ್ಸ್‌ನ ಎರಡನೇ ಭಾಗದಲ್ಲಿವೆ. ಅಂಚೆ, ರೈಲ್ವೆಯಂಥ ಕೇಂದ್ರದ ಇಲಾಖೆಗಳಲ್ಲಿ ಇರುವವರು ತಮ್ಮ ಇಲಾಖೆಯ ನಿಯಮವನ್ನೇ ನೋಡಬೇಕು.

ಬಿಲ್ಲಿನ ಜೀವ ಇರುವುದು ಒಂದು ಕಾಗದದಲ್ಲಿ. ಅದು ಕೋರ್ಟ್ ಕೊಡುವ ಹಾಜರಿ ಸರ್ಟಿಫಿಕೇಟ್. ನೀವು ಯಾವ ಕೇಸಿಗೆ, ಯಾವ ದಿನ, ಯಾವ ಹುದ್ದೆಯಲ್ಲಿದ್ದವರಾಗಿ ಬಂದಿರಿ ಎಂಬುದು ಅದರಲ್ಲಿ ಸರಿಯಾಗಿ ಇರಬೇಕು. ಕೋರ್ಟಿನಿಂದ ನಿಮಗೆ ಏನಾದರೂ ಹಣ ಕೊಟ್ಟಿದ್ದಾರಾ ಎಂಬುದನ್ನೂ ಬರೆಸಿಕೊಳ್ಳಿ. ಸಾಕ್ಷಿ ಕಟಕಟೆಯಿಂದ ಇಳಿದ ಕೂಡಲೇ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ. ನಾಳೆ ಪೋಸ್ಟಿನಲ್ಲಿ ತರಿಸಿಕೊಳ್ಳೋಣ ಅಂದರೆ ಆ ಕಾಗದ ಕೈಗೆ ಬರುವುದು ಕಷ್ಟ.

ಇಲ್ಲೇ ಜಾಸ್ತಿ ಜನ ಸೋಲುವುದು. ಬೆಳಿಗ್ಗೆಯಿಂದ ವರಾಂಡದಲ್ಲಿ ಕಾದಿರುತ್ತಾರೆ. ಮಧ್ಯಾಹ್ನ ಕೇಸು ಮುಂದಕ್ಕೆ ಹೋಗುತ್ತದೆ. "ಸಾಕ್ಷಿ ಹೇಳಲೇ ಇಲ್ಲವಲ್ಲ, ಇನ್ನು ಸರ್ಟಿಫಿಕೇಟ್ ಯಾಕೆ?" ಎಂದು ಮನೆಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ಭತ್ಯೆ ಸಿಗುವುದು ಹಾಜರಾದದ್ದಕ್ಕೆ. ಸಾಕ್ಷಿ ಬಂದು ನಿಂತಿರುವಾಗ ವಿಚಾರಣೆ ಮಾಡದೆ ಕೇಸು ಮುಂದೂಡಬಾರದು, ಮುಂದೂಡುವುದಾದರೆ ವಿಶೇಷ ಕಾರಣ ಬರೆದಿಡಬೇಕು ಎಂದು ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಹೇಳುತ್ತದೆ. ಆದರೂ ಮುಂದೂಡುವುದು ನಡೆಯುತ್ತದೆ. ಮುಂದೂಡಿದ ಪ್ರತಿ ದಿನಕ್ಕೂ ಒಂದೊಂದು ಸರ್ಟಿಫಿಕೇಟ್ ಇರಲಿ.

ಕೋರ್ಟಿನಿಂದಲೂ ಆಫೀಸಿನಿಂದಲೂ ತೆಗೆದುಕೊಳ್ಳುವ ಹಾಗಿಲ್ಲ. ಸಾಕ್ಷಿಗಳ ಖರ್ಚು ಕೊಡಿಸಲು ಕೋರ್ಟಿಗೆ ಅದೇ ಸಂಹಿತೆಯ 350ನೇ ಕಲಂ ಅಧಿಕಾರ ಕೊಟ್ಟಿದೆ, ನಿಜ. ಆದರೆ ಟಿಎ ಬರೆಯುವವರು ಆ ಹಣವನ್ನು ಬೇಡ ಎನ್ನಬೇಕು. ಕೇಂದ್ರದ ನೌಕರರಿಗಿರುವ ಪೂರಕ ನಿಯಮ 154ರಲ್ಲಿ ಇದಕ್ಕೊಂದು ವಿನಾಯಿತಿ ಇದೆ. ಕೋರ್ಟು ಕೆಲಸದ ಊರಿನಿಂದ 8 ಕಿಲೋಮೀಟರ್ ಒಳಗಿದ್ದು, ಟಿಎ ಸಿಗುವುದಿಲ್ಲ ಎಂದಾದರೆ, ಕೋರ್ಟು ಕೊಡುವ ನಿಜವಾದ ಪ್ರಯಾಣ ಖರ್ಚನ್ನು ತೆಗೆದುಕೊಳ್ಳಬಹುದು.

ಭಾನುವಾರ ಪೇಟೆಗೆ ಹೋಗಿದ್ದಾಗ ಕಣ್ಣೆದುರು ಆದ ಅಪಘಾತಕ್ಕೆ ನೀವು ಸಾಕ್ಷಿಯಾಗಿದ್ದರೆ ಕಥೆ ಬೇರೆ. ಅಲ್ಲಿ ನೀವು ಬರೀ ನಾಗರಿಕರು. ಕೋರ್ಟ್ ಕೊಡುವುದಷ್ಟೇ ನಿಮ್ಮದು.

ಗಡಿಯಲ್ಲಿರುವ ನಮಗೆ ಇನ್ನೊಂದು ವಿಷಯ ಇದೆ. ಮಂಜೇಶ್ವರ, ಉಪ್ಪಳದಲ್ಲಿ ಪೆಟ್ಟು ತಿಂದವರನ್ನು ಕರೆದುಕೊಂಡು ಹೋಗುವುದು ಮಂಗಳೂರಿಗೆ. ಹಾಗಾಗಿ ಕಾಸರಗೋಡಿನ ಕೇಸಿಗೆ ಅಲ್ಲಿನ ಸರ್ಕಾರಿ ಡಾಕ್ಟರ್ ಸಾಕ್ಷಿಯಾಗುತ್ತಾರೆ. ಕೇಸು ಕೇರಳದ್ದಾದರೂ ಅವರು ಟಿಎ ಬಿಲ್ ಹಾಕಬೇಕಾದದ್ದು ಕರ್ನಾಟಕದಲ್ಲಿರುವ ತಮ್ಮ ಇಲಾಖೆಗೇ. ಅವರಿಗೂ ಹಾಜರಿ ಸರ್ಟಿಫಿಕೇಟ್ ಬೇಕೇ ಬೇಕು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಖರ್ಚು ತಲೆ ಮೇಲೆ ಬಿದ್ದರೆ ಮುಂದಿನ ಸಮನ್ಸಿಗೆ ಮನಸ್ಸು ಹಿಂಜರಿಯುತ್ತದೆ, ಅಲ್ವಾ? ಸಾಕ್ಷಿ ಬಾರದಿದ್ದರೆ ನಷ್ಟ ಪೆಟ್ಟು ತಿಂದವನಿಗೆ. ದೂರದಿಂದ ಬಂದ ಸಾಕ್ಷಿಗಳು ಕೇಸು ಮುಂದೂಡಿ ವಾಪಸ್ ಹೋಗುವುದನ್ನೂ, ಖರ್ಚಿನ ಹಣಕ್ಕೆ ಪರದಾಡುವುದನ್ನೂ ಸುಪ್ರೀಂ ಕೋರ್ಟ್ 2000ರಲ್ಲಿ ಸ್ವರಣ್ ಸಿಂಗ್ ಕೇಸಿನ ತೀರ್ಪಿನಲ್ಲಿ ನೋವಿನಿಂದಲೇ ಹೇಳಿದೆ. ಕರ್ನಾಟಕ, ಕೇರಳ ಎರಡೂ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರ ವರದಿಯಲ್ಲಿ ಸಾಕ್ಷಿಗಳ ಭತ್ಯೆ ಅದೇ ದಿನ ಕೈಗೆ ಸಿಗಬೇಕು ಎಂದು ಕೇಳಿತ್ತು.

ನಮ್ಮ ಜಿಲ್ಲೆಯಲ್ಲಿ ಈ ಕಷ್ಟ ಜಾಸ್ತಿ. ಇಲ್ಲಿ ಕೆಲಸಕ್ಕೆ ಬರುವ ಎಷ್ಟೋ ನೌಕರರು ತೆಂಕಣ ಜಿಲ್ಲೆಗಳವರು. ವರ್ಗವಾಗಿ ಊರಿಗೆ ಹೋಗುತ್ತಾರೆ. ವರ್ಷಗಳ ನಂತರ ಕಾಸರಗೋಡಿನ ಸಮನ್ಸ್ ತಿರುವನಂತಪುರದಲ್ಲಿ ಅವರ ಮೇಜಿಗೆ ಬರುತ್ತದೆ. ರಾತ್ರಿಯಿಡೀ ಮಾವೇಲಿ ಎಕ್ಸ್‌ಪ್ರೆಸ್‌ನಲ್ಲಿ ಕೂತು ಬರಬೇಕು, ಮತ್ತೆ ರಾತ್ರಿಯಿಡೀ ಹೋಗಬೇಕು. ಇಂಥವರು ಬಿಲ್ ಹಾಕಬೇಕಾದದ್ದು ಈಗ ಇರುವ ಕಚೇರಿಯಲ್ಲಿ.

2024ರ ಜುಲೈ 1ರಿಂದ ಅವರಿಗೆ ಇನ್ನೊಂದು ದಾರಿಯೂ ತೆರೆದಿದೆ. ಸೆಷನ್ಸ್ ಕೇಸುಗಳಲ್ಲಿ (ಕೊಲೆಯಂಥ ದೊಡ್ಡ ಅಪರಾಧಗಳ ಕೇಸುಗಳಲ್ಲಿ) ಸರ್ಕಾರಿ ನೌಕರರ ಸಾಕ್ಷ್ಯವನ್ನು ವಿಡಿಯೋ ಮೂಲಕ ಪಡೆಯಬಹುದು ಎಂದು ಹೊಸ ಸಂಹಿತೆಯ 254ನೇ ಕಲಂ ಹೇಳುತ್ತದೆ. ಸಮನ್ಸ್ ಕೈಗೆ ಬಂದ ದಿನವೇ ಪಬ್ಲಿಕ್ ಪ್ರಾಸಿಕ್ಯೂಟರ್ ಕಚೇರಿಗೆ ಫೋನ್ ಮಾಡಿ ಕೇಳಿ. ಅನುಮತಿ ಕೊಡಬೇಕಾದದ್ದು ಕೋರ್ಟು. ಅದು ಸಿಗುವವರೆಗೆ ಸಮನ್ಸಿನ ತಾರೀಖು ಹಾಗೇ ಇರುತ್ತದೆ, ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ.